ಸಂಧ್ಯಾಳ ಮನೆ ಮುಂದಿನ ಗಿಡಗಳು

ಎರ್ರಮ್ಮ ರಾಯದುರ್ಗದ ಒಂದು ಜೀನ್ಸ್ ಹೊಲಿಗೆ ಘಟಕದಲ್ಲಿ ಇಪ್ಪತ್ತೆರಡು ವರ್ಷದಿಂದ ಪ್ಯಾಂಟಿಗೆ ಜಿಪ್ ಕೂಡಿಸುತ್ತಿದ್ದಳು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಮಗಳು ಆಶಾರಾಣಿಯನ್ನು ಮಡಕಶಿರಾ ಕಡೆ, ಹಿಪ್ಪುನೇರಳೆ ತೋಟದವರ ಮನೆಗೆ ಕೊಟ್ಟಿದ್ದಳು. ಕೋಟೆ ಬೆಟ್ಟದ ಕೆಳಗಿನ ಓಣಿಯಲ್ಲಿ ಅವಳದೊಂದು ಬಾಡಿಗೆ ಕೋಣೆ. ಬಾಗಿಲ ಮುಂದೆ ಪೂರ್ತಿ ಬಂಡೆ, ಹಿಡಿ ಮಣ್ಣಿಲ್ಲ. ಆದರೂ ಎಣ್ಣೆ ಡಬ್ಬಿ, ಒಡೆದ ಬಕೆಟ್ಟು, ಸವೆದ ಟೈರು ಎಲ್ಲದರಲ್ಲೂ ಗಿಡ. ಏಪ್ರಿಲ್‌ನಲ್ಲಿ ಬೆಟ್ಟ ಕಾದು ಓಣಿಯೇ ಒಲೆಯಾದಾಗಲೂ ಅವಳ ಗಿಡಗಳು ಎಲೆ ಉದುರಿಸುತ್ತಿರಲಿಲ್ಲ.

ಪಕ್ಕದ ಮಿಷಿನ್ನಿನಲ್ಲಿ ಕೂರುತ್ತಿದ್ದವಳು ಸಂಧ್ಯಾ. ಎರ್ರಮ್ಮನಿಗಿಂತ ಹತ್ತು ವರ್ಷ ಚಿಕ್ಕವಳು. ಹೊಲಿಗೆ ಕಲಿಸಿದ್ದು ಎರ್ರಮ್ಮನೇ. ಹದಿನಾಲ್ಕು ವರ್ಷ ಇಬ್ಬರೂ ಒಂದೇ ಡಬ್ಬಿಯಲ್ಲಿ ಕೈ ಹಾಕಿ ಉಂಡಿದ್ದರು. ಸಂಧ್ಯಾ ಮತ್ತು ಅವಳ ಗಂಡ ಊರ ಹೊರಗಿನ ಹೊಸ ಲೇಔಟಿನಲ್ಲಿ ಮನೆ ಕಟ್ಟಿಸಲು ಶುರುಮಾಡಿದಾಗ ಮೊದಲು ಕರೆದು ತೋರಿಸಿದ್ದೂ ಎರ್ರಮ್ಮನಿಗೇ.

"ಈ ಪಕ್ಕದ ಕೋಣಿ ನಿನಗ," ಎಂದಿದ್ದಳು ಸಂಧ್ಯಾ. "ಎಷ್ಟ್ ದಿನ ಆ ಬಂಡಿಗಲ್ಲಿನ ಮ್ಯಾಲ ಇರ್ತಿ? ಯುಗಾದಿ ಆದ ಮ್ಯಾಲ ಎಲ್ಲಾರೂ ಕೂಡೇ ಬರೋಣು."

ಎರ್ರಮ್ಮ ಕೋಣೆಯ ಕಿಟಕಿ ತೆರೆದು ನೋಡಿದಳು. ಕೆಳಗೆ ಕೆಂಪು ಮಣ್ಣಿತ್ತು.

ಸಂಕ್ರಾಂತಿ ಕಳೆದ ವಾರ ಸಂಧ್ಯಾ ಕೇಳಿದಳು, "ಮನಿ ಮುಂದ ಗಿಡ ಹಾಕಬೇಕು. ಹನ್ನೆರಡು ತಿಂಗಳೂ ಹಸಿರಿರಬೇಕು. ನೀನೇ ಆರಿಸು."

ಎರ್ರಮ್ಮ ಎರಡು ಭಾನುವಾರ ಆ ಅಂಗಳದಲ್ಲಿ ಕೂತು ಬಿಸಿಲು ಎಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ನೋಡಿದಳು. ಸಂಧ್ಯಾಳಿಗೆ ಗೇಟಿನ ಮೇಲೆ ಕಾಗದದ ಹೂವಿನ ಬಳ್ಳಿ ಬೇಕಿತ್ತು, ಮೂಲೆಗೆ ದೇವಕಣಗಿಲೆ.

"ದೇವಕಣಗಿಲಿ ಚಳಿಗಾಲಕ್ಕ ಬೋಳಾಗಿ ನಿಲ್ತೈತಿ. ಕಾಗದದ ಹೂವೂ ಎಲಿ ಉದುರಸ್ತೈತಿ," ಎಂದಳು ಎರ್ರಮ್ಮ. "ರಸ್ತಿ ಕಡೆ ಕಣಗಿಲಿ ಹಾಕೋಣು, ಆಡು ಮುಟ್ಟಂಗಿಲ್ಲ. ಕಿಟಕಿ ಕೆಳಗ ನಂದಿಬಟ್ಟಲು. ಗೇಟಿಗೆ ಬೆಳ್ಳುಳ್ಳಿ ಬಳ್ಳಿ. ಎಲಿ ತಿಕ್ಕಿದ್ರ ಬೆಳ್ಳುಳ್ಳಿ ವಾಸನಿ, ಹೂವು ಮಾತ್ರ ನೀಲಿ."

"ಯಾವುದಾದ್ರೂ ಸೈ, ದೊಡ್ಡ ಗಿಡಾನ ತಗೊಂಬಾ. ಯುಗಾದಿ ಹೊತ್ತಿಗೆ ತುಂಬಿಕೊಂಡು ಕಾಣಬೇಕು."

"ಅವಸರ ಯಾಕ? ಸಣ್ಣ ಗಿಡ ನಿಧಾನಕ್ಕ ಬೇರು ಬಿಟ್ರ ಗಟ್ಟಿ."

ಸಂಧ್ಯಾ ಕೇಳಲಿಲ್ಲ. ಎರ್ರಮ್ಮ ಒಂದು ದಿನ ರಜೆ ಹಾಕಿ ಮಡಕಶಿರಾ ಬಸ್ಸು ಹತ್ತಿದಳು. ಮಗಳ ಊರಿನ ಹತ್ತಿರ ಮೂಡಲಗಿರಿಯಪ್ಪ ಎಂಬ ಮುದುಕ ಸಸಿ ಮಾರುತ್ತಿದ್ದ. ಮೊಳಕಾಲುದ್ದದ ಬಳ್ಳಿಗಳನ್ನು ಬಿಟ್ಟು ಆಳೆತ್ತರದವನ್ನೇ ಅವಳು ಕೇಳಿದಾಗ ಆತ ನಕ್ಕ. "ಏನಮ್ಮಾ, ಯಾರಾದ್ರೂ ನೋಡಾಕೆ ಬತ್ತಾವ್ರಾ? ಇಂಗೆ ಬೆಳ್ದಿರೋದೇ ಬೇಕು ಅಂತೀಯಲ್ಲ."

"ನಾನೇ ಇರೋ ಮನಿ, ಅದಕ್ಕ," ಎಂದಳು ಎರ್ರಮ್ಮ.

ಗಿಡಗಳನ್ನು ಗೋಣಿಯಲ್ಲಿ ಸುತ್ತಿ ಬಸ್ಸಿನ ಮೇಲೆ ಹಾಕಿಸಿ ತಂದಳು. ಗುಂಡಿ ತೋಡಿದ್ದೂ ಗೊಬ್ಬರ ಕಲಸಿದ್ದೂ ಅವಳೇ. ಬಾಗಿಲ ಬಲಕ್ಕೆ ಜಾಗವೊಂದು ಉಳಿಯಿತು. ಅಲ್ಲಿಗೆ ತನ್ನ ಓಣಿಯಿಂದ ಬಿಳಿ ಹೂವಿನ ಕಾಮಿನಿ ಗಿಡ ತಂದು ನೆಟ್ಟಳು. ಬೀಜದಿಂದ ಎಬ್ಬಿಸಿ ಏಳು ವರ್ಷ ಡಬ್ಬಿಯಲ್ಲಿ ಸಾಕಿದ ಗಿಡ ಅದು. ಡಬ್ಬಿಯನ್ನು ಕತ್ತರಿಸಿಯೇ ಬೇರು ಬಿಡಿಸಬೇಕಾಯಿತು. ದಿನಾ ಕೆಲಸ ಮುಗಿಸಿ ಒಂದು ಮೈಲಿ ನಡೆದು ನೀರು ಹಾಕಿ ಬರುತ್ತಿದ್ದಳು. ಯುಗಾದಿಗೆ ನಂದಿಬಟ್ಟಲು ಕಿಟಕಿಯ ಮಟ್ಟಕ್ಕೆ ಬಂತು. ಸಂಧ್ಯಾಳ ಗಂಡ ಗೇಟಿನ ಹೊರಗೆ ನಿಂತು ಫೋನಿನಲ್ಲಿ ಫೋಟೋ ಮೇಲೆ ಫೋಟೋ ತೆಗೆದ.

ಹಬ್ಬವಾದ ಮೂರನೇ ಭಾನುವಾರ ಎರ್ರಮ್ಮ ನೀರು ಹಾಕಲು ಹೋದಾಗ ಗೇಟು ತೆರೆದಿತ್ತು. ಒಳಗೆ ಗೋವರ್ಧನ್ ಎಂಬ ಶಾಲೆ ಮೇಷ್ಟ್ರು ಪರದೆ ಹಾಕಲು ಕಿಟಕಿಯ ಅಳತೆ ತೆಗೆಯುತ್ತಿದ್ದ. ಅವನ ಹೆಂಡತಿ ಸುಶ್ಮಿತಾ ಹೊರಗೆ ಬಂದಳು.

"ಗಿಡದಾಕಿ ನೀವೇನ್ರಿ? ಬರ್ರಿ. ಕೂಲಿ ಕೊಟ್ರ ಒಬ್ಬಾಕಿ ಬಂದು ನೋಡ್ಕಂತಾಳ ಅಂತ ಸಂಧ್ಯಕ್ಕ ಹೇಳಿದ್ರು."

"ನೀವು ಯಾರ್ರಿ?"

"ಮನಿ ನಾವು ತಗೊಂಡೀವಲ್ರಿ. ಮೊದ್ಲ ನೋಡಿದಾಗ ಮುಂದ ಬರೀ ಕಲ್ಲು, ಮಣ್ಣು. ನನಗ ಮನಸೇ ಬರ್ಲಿಲ್ಲ. ಗಿಡ ಹಾಕಿಸಿ ಕೊಡ್ತೀವಿ ಅಂದ್ರು. ಆಮ್ಯಾಗ ಫೋಟೋ ಕಳಿಸಿದ್ರು ನೋಡ್ರಿ, ಅವತ್ತೇ ಹೂಂ ಅಂದೆ."

"ಮೊದ್ಲ ನೋಡಿದ್ದು ಯಾವಾಗ?"

"ಸಂಕ್ರಾಂತಿಗೆ."

ಎರ್ರಮ್ಮ ಕೊಡ ಕೆಳಗಿಟ್ಟಳು. ಸಂಧ್ಯಾ ಗಿಡ ಕೇಳಿದ್ದು ಸಂಕ್ರಾಂತಿಯ ನಂತರ. ಪಕ್ಕದ ಕೋಣೆಯ ಬಾಗಿಲಲ್ಲಿ ಆಗಲೇ ಯಾರದೋ ಮಗುವಿನ ಸೈಕಲ್ ನಿಂತಿತ್ತು.

ಮರುದಿನ ಘಟಕದಲ್ಲಿ ಊಟದ ಹೊತ್ತಿಗೆ ಅವಳು ಸಂಧ್ಯಾಳ ಎದುರು ನಿಂತಳು. ಸಂಧ್ಯಾ ತಲೆ ಎತ್ತಲಿಲ್ಲ.

"ನಮ್ಮನಿಯವ್ರಿಗೆ ಬಳ್ಳಾರಿಯಾಗ ಕೆಲಸ ಆತು. ಅಲ್ಲೇ ಮನಿ ತಗೋಬೇಕಾತು. ನಿನಗ ಹೇಳಬೇಕಂತ ಎಷ್ಟ್ ಸಲ ಬಾಯಿತನಕ ಬಂತು."

"ಯಾವಾಗ ಬಂತು? ನಾ ಗುಂಡಿ ತೋಡಾಕತ್ತಿದ್ದಾಗೇನು?"

"ಹೇಳಿದ್ರ ನೀ ಗಿಡ ಹಾಕ್ತಿದ್ದೇನು?"

"ಹಾಕ್ತಿದ್ದೆ," ಎಂದಳು ಎರ್ರಮ್ಮ. "ಮಾರಾಕ ಬೇಕಾಗ್ಯಾವ ಅಂದಿದ್ರೂ ಹಾಕ್ತಿದ್ದೆ. ನಿನ್ ಮನಿ, ನೀ ಮಾರು. ನನಗ ಕೋಣಿ ಯಾಕ ತೋರಿಸ್ದಿ? ಕೂಲಿಯಾಕಿ ಅಂತ ಅವ್ರಿಗೆ ಯಾಕ ಹೇಳಿದಿ?"

ಸುತ್ತಲಿನವರು ಉಣ್ಣುವುದನ್ನು ನಿಲ್ಲಿಸಿದ್ದರು. ಸಂಧ್ಯಾ ಅತ್ತಳು. ಎರ್ರಮ್ಮ ಅಳಲಿಲ್ಲ. ಮೇಸ್ತ್ರಿಯ ಬಳಿ ಹೋಗಿ, ನನ್ನನ್ನು ಬೇರೆ ಸಾಲಿಗೆ ಹಾಕಿ ಎಂದಳು.

ವಿಷಯ ತಿಳಿದ ಸುಶ್ಮಿತಾ ಓಣಿ ಹುಡುಕಿಕೊಂಡು ಬಂದು, ನಿಮ್ಮ ಕಾಮಿನಿ ಗಿಡ ನೀವು ತಗೊಂಡು ಹೋಗ್ರಿ ಎಂದಳು. ಎರ್ರಮ್ಮ ಒಪ್ಪಲಿಲ್ಲ. ಬೇರು ಮಣ್ಣು ಹಿಡಿದಿತ್ತು, ಆ ಬಿಸಿಲಿನಲ್ಲಿ ಕಿತ್ತರೆ ಸಾಯುತ್ತಿತ್ತು. ದಿನಕ್ಕೆ ಎಷ್ಟು ನೀರು, ಬಳ್ಳಿ ಯಾವಾಗ ಕತ್ತರಿಸಬೇಕು, ಕಣಗಿಲೆಯ ಎಲೆಯನ್ನು ಮಗು ಬಾಯಿಗೆ ಹಾಕಿಕೊಳ್ಳದಂತೆ ಹೇಗೆ ನೋಡಿಕೊಳ್ಳಬೇಕು, ಎಲ್ಲ ಹೇಳಿ ಕಳಿಸಿದಳು. ಕೂಲಿಗೆ ಬರುತ್ತೀರಾ ಎಂದು ಕೇಳುವ ಧೈರ್ಯ ಸುಶ್ಮಿತಾಳಿಗೆ ಆಗಲಿಲ್ಲ.

ಜೂನ್‌ನಲ್ಲಿ ಸಂಧ್ಯಾ ಬಳ್ಳಾರಿಗೆ ಹೊರಟಳು. ಕೊನೆಯ ದಿನ ಎಲ್ಲರಿಗೂ ಮೈಸೂರುಪಾಕು ಹಂಚಿದಳು. ಎರ್ರಮ್ಮನ ಮಿಷಿನ್ನಿನ ಮೇಲೂ ಒಂದು ತುಂಡು ಇಟ್ಟು ಸ್ವಲ್ಪ ಹೊತ್ತು ನಿಂತಳು. ಎರ್ರಮ್ಮ ಹೊಲಿಯುತ್ತಲೇ ಇದ್ದಳು. ಸಂಧ್ಯಾ ಹೋದ ಮೇಲೆ ಆ ತುಂಡನ್ನು ಪಕ್ಕದವಳ ಕಡೆ ಸರಿಸಿದಳು.

ಆಶಾರಾಣಿ ಫೋನು ಮಾಡಿ ಇಲ್ಲಿಗೇ ಬಂದುಬಿಡು ಎಂದು ಕರೆದಳು. ಎರ್ರಮ್ಮ ಹೋಗಲಿಲ್ಲ. ಈಗಲೂ ಅದೇ ಘಟಕದಲ್ಲಿದ್ದಾಳೆ. ಊಟಕ್ಕೆ ಒಬ್ಬಳೇ ಕೂರುತ್ತಾಳೆ. ಯಾರಾದರೂ ಡಬ್ಬಿ ಚಾಚಿದರೆ, "ಹೊಟ್ಟಿ ತುಂಬೈತಿ" ಎನ್ನುತ್ತಾಳೆ.