ಮುಂಗಡ ಹಾಜರಿ

ಆಗೆಲ್ಲ ಸುಗ್ಗಿ ಮುಗಿದು ಅವ್ವ-ಅಪ್ಪ ದೂರದ ಇಟ್ಟಿಗೆ ಭಟ್ಟಿಗೆ ಹೊರಟರೆ, ನಮ್ಮ ಟ್ರಂಕು ದೇವದುರ್ಗದ ಹಾಸ್ಟೆಲಿಗೆ ಬರುತ್ತಿತ್ತು. ನಿಮ್ಮಲ್ಲೂ ಕೆಲವರು ಅಂಥ ಹಾಸ್ಟೆಲಿನ ರೊಟ್ಟಿ, ಪುಂಡಿಪಲ್ಯ ಉಂಡವರಿರಬಹುದು. ಫಿನಾಯಿಲ್ ಮತ್ತು ರೊಟ್ಟಿಯ ವಾಸನೆ ಕೂಡಿ ಬಂದರೆ ನನಗೆ ಈಗಲೂ ಹಸಿವಾಗುತ್ತದೆ, ಸಂಕಟವೂ ಆಗುತ್ತದೆ.

ಅರವತ್ತು ಹುಡುಗಿಯರಿಗೆ ಶರಣಮ್ಮ ಅಕ್ಕೋರು ಒಬ್ಬರೇ ವಾರ್ಡನ್. ಜ್ವರದ ಮಾತ್ರೆ, ಹೇನಿನ ಎಣ್ಣೆ, ಏಳೆಂಟು ಲೆಕ್ಕದ ಪುಸ್ತಕ, ಎಲ್ಲ ಅವರ ತಲೆ ಮೇಲೆ. ನನ್ನ ಅಕ್ಷರ ಚೆಂದವೆಂದು ಹಾಜರಿ ಪುಸ್ತಕವನ್ನು ನನಗೆ ಕೊಟ್ಟರು. ಸೋಮವಾರವೇ ಇಡೀ ವಾರದ ಹಾಜರಿ ಬರೆದುಬಿಡುತ್ತಿದ್ದೆ.

"ಎಲ್ಲಿ ಹೋಗ್ತಾವ ಬೇ, ಎಲ್ಲಾ ಇಲ್ಲೇ ಇರ್ತಾವ," ಅನ್ನುತ್ತಿದ್ದರು ಅಕ್ಕೋರು.

ಅರಕೇರಾದ ಹನುಮಿ ನನ್ನ ಪಕ್ಕದ ಹಾಸಿಗೆಯವಳು. ಗಜಗದ ಆಟದಲ್ಲಿ ಅವಳನ್ನು ಸೋಲಿಸಿದವರಿಲ್ಲ. "ಲೇ ಸಾಹೇಬ್ತಿ, ಶನಿವಾರ ನಾ ಸತ್ರ ಏನ್ ಮಾಡ್ತಿ?" ಎಂದು ಕಾಡುತ್ತಿದ್ದಳು.

"ಸಾಯಂಗಿಲ್ಲ, ಹಾಜರಿ ಬರದೀನಿ," ಅನ್ನುತ್ತಿದ್ದೆ ನಾನು.

ಒಂದು ಗುರುವಾರ ರಾಯಚೂರಿನಿಂದ ತಪಾಸಣೆಯವರು ಬಂದರು. ಜೀಪು ಕಂಡ ಗಡಿಬಿಡಿಯಲ್ಲಿ ಅಡುಗೆಯ ಬಸಮ್ಮ, ಒಳಗೆ ಯಾರಿದ್ದಾರೆಂದು ಕೂಗಿ ನೋಡದೆ, ತಗಡಿನ ಉಗ್ರಾಣಕ್ಕೆ ಬೀಗ ಜಡಿದಳು. ಬೆಲ್ಲ ಕದಿಯಲು ಹೋದ ಹನುಮಿ ಒಳಗಿದ್ದಳು. ಬೈದಾರೆಂದು ಮೊದಲು ಸುಮ್ಮನಿದ್ದಳಂತೆ. ಆಮೇಲೆ ಕೂಗಿದ್ದು ಯಾರಿಗೂ ಕೇಳಲಿಲ್ಲ. ಇದೆಲ್ಲ ನಮಗೆ ತಿಳಿದದ್ದು ಎಷ್ಟೋ ತಡವಾಗಿ.

ಮಧ್ಯಾಹ್ನ ಊಟದ ಸಾಲಿನಲ್ಲಿ ಅವಳಿಲ್ಲದ್ದು ಕಂಡು ಆಫೀಸು ಕೋಣೆಗೆ ಓಡಿದೆ. "ಅಕ್ಕೋರೆ, ಹನುಮಿ ಕಾಣವಲ್ಲಳ್ರಿ."

ಅಕ್ಕೋರು ಬಾಯಿ ತೆರೆಯುವ ಮೊದಲೇ ತಪಾಸಣೆಯ ಸಾಹೇಬರು ಹಾಜರಿಯ ಪುಟ ನೋಡಿ, "ಎಲ್ಲಾರೂ ಹಾಜರ್ ಅದಾರಲ್ಲ? ಭಾಳ ಚೊಕ್ಕ ಬರದಾರ," ಎಂದರು.

ಆ ಹಾಜರಿ ಸೋಮವಾರ ಬರೆದದ್ದೆಂದು ನನಗೆ ಗೊತ್ತಿತ್ತು. ಹೇಳಲಿಲ್ಲ. ಅಕ್ಕೋರಿಗೆ ಹೆದರಿ ಅಲ್ಲ, ಅಕ್ಷರ ಹೊಗಳಿದರಲ್ಲ, ಅದಕ್ಕೆ. ನಾಚಿಕೆಗೇಡು, ಆದರೆ ನಿಜ.

ಜೀಪು ಹೋದಾಗ ನಾಲ್ಕು ಗಂಟೆ. ಉಳ್ಳಾಗಡ್ಡಿಗೆಂದು ಬಸಮ್ಮ ಉಗ್ರಾಣದ ಬಾಗಿಲು ತೆಗೆದರೆ, ಕಾದ ತಗಡಿನ ಧಗೆಗೆ ಜೋಳದ ಚೀಲದ ಮೇಲೆ ಹನುಮಿ ಕಣ್ಣು ಮೇಲೆ ಮಾಡಿ ಬಿದ್ದಿದ್ದಳು. ಆಸ್ಪತ್ರೆಯಲ್ಲಿ ಎರಡು ದಿನ ಸಲಾಯಿನ್ ಹಚ್ಚಿದ ಮೇಲೆ ಬದುಕಿದಳು.

ಮೂರನೆಯ ದಿನ ಅವಳಪ್ಪ ಬಂದ.

"ತಪ್ಪಾತ್ರೀ ಯಪ್ಪಾ. ಹುಡುಗಿ ಶಾಣ್ಯಾ ಅದಾಳ, ಸಾಲಿ ಬಿಡಸಬ್ಯಾಡ್ರಿ," ಎಂದು ಅಕ್ಕೋರು ಕೈಮುಗಿದರು.

"ಅವತ್ತ ಹಾಜರ್ ಅಂತ ಬರದೀರಂತಲ್ಲ?"

"ಹೌದ್ರಿ."

"ಹಂಗಾರ ಪುಸ್ತಕದಾಗಿನ ಹನುಮಿನ್ನ ಓದಸ್ರಿ. ಇಕಿನ್ನ ನಾ ಒಯ್ತೀನಿ."

ಆತ ದನಿ ಎತ್ತಲಿಲ್ಲ. ಹನುಮಿ ಮತ್ತೆ ಶಾಲೆಯ ಮೆಟ್ಟಿಲು ಹತ್ತಲಿಲ್ಲ.

ಈಗ ರಾಯಚೂರಿನ ಒಂದು ಹಾಸ್ಟೆಲಿನಲ್ಲಿ ನಾನೇ ವಾರ್ಡನ್. ಫೋನಿಗೆ ಮುಖ ತೋರಿಸಿದರೆ ಹಾಜರಿ ಬೀಳುತ್ತದೆ, ಮೂಲೆ ಮೂಲೆಗೆ ಕ್ಯಾಮೆರಾ ಇದೆ. ಆದರೂ ಮೂರು ಹೊತ್ತು ಒಂದೊಂದೇ ತಲೆ ಮುಟ್ಟಿ ಎಣಿಸುತ್ತೇನೆ, ಬೀಗ ಹಾಕುವ ಮೊದಲು ಖಾಲಿ ಕೋಣೆಗೂ ಕೂಗು ಹಾಕುತ್ತೇನೆ. ದಣಿದಿದ್ದೇನೆ. ಎಷ್ಟು ಎಣಿಸಿದರೂ ಒಂದು ತಲೆ ಕಡಿಮೆ ಬಿದ್ದಂತೆಯೇ ಇರುತ್ತದೆ.

ಹೋದ ವರ್ಷ ಮಾನ್ವಿಯ ಬಸ್ ಸ್ಟ್ಯಾಂಡಿನಲ್ಲಿ ಹನುಮಿ ಸಿಕ್ಕಳು, ಜೊತೆಗೆ ಹತ್ತು ವರ್ಷದ ಮಗಳು. ಭಟ್ಟಿಗೆ ಹೊರಟಿದ್ದರು.

"ಇಕಿನ್ನ ನಮ್ಮ ಹಾಸ್ಟೆಲಿಗೆ ಬಿಡು, ನಾ ಅದೀನಿ," ಎಂದೆ.

ಅವಳು ಸಿಟ್ಟಾಗಲಿಲ್ಲ. "ಅವತ್ತೂ ನೀ ಇದ್ದಿ," ಎಂದಳು. ಮಗಳ ಕೈ ಹಿಡಿದು ಬಸ್ಸು ಹತ್ತಿದಳು.