ಏಕಾದಶಿಯ ಗುಳಿಗೆ

ಯಮುನಾಬಾಯಿ ತೀರಿಕೊಂಡ ಮೇಲೆ ಬಂದ ಮೊದಲ ಮಳೆಗಾಲ ಇದು. ಹೇಳಿದ್ದನ್ನು ಹೇಳಿದಂತೆಯೇ ಮಾಡುವುದು ಅವರ ಹುಟ್ಟುಗುಣ. ರಾಯಚೂರು ಬಿಟ್ಟು ಹೈದರಾಬಾದಿನ ಉಪ್ಪಲ್‌ನಲ್ಲಿ ಮನೆ ಕಟ್ಟಿದರೂ ಅತ್ತೆ ಕಲಿಸಿದ ಸಾರಿನ ಪುಡಿಗೆ ಒಂದು ಮೆಣಸಿನಕಾಳು ಹೆಚ್ಚು ಹಾಕಿದವರಲ್ಲ. ತಲೆಯೊಳಗೆ ಗಡ್ಡೆ ಇದೆ, ಆಪರೇಷನ್ನಿನಲ್ಲಿ ಪೂರ್ತಿ ತೆಗೆಯಲಾಗಲಿಲ್ಲ ಎಂದು ಡಾಕ್ಟರು ಹೇಳಿದಾಗಲೂ ಅವರು ಅಳಲಿಲ್ಲ. ಇನ್ನು ನಾನು ಏನು ಮಾಡಬೇಕು, ಅಷ್ಟು ಹೇಳಿ ಎಂದರು.

ಅತ್ತದ್ದು ಗುರುವಾರ ತಪ್ಪಿದಾಗ. ಪ್ರತಿ ಗುರುವಾರ ಮಧ್ಯಾಹ್ನ ಅವರು ಮೆಟ್ರೊ ಹತ್ತಿ ನಾರಾಯಣಗೂಡದ ಗೆಳತಿ ಮೃಣಾಲಿನಿಯ ಮನೆಗೆ ಹೋಗುತ್ತಿದ್ದರು. ನಾಲ್ಕಾರು ಹೆಂಗಸರು ಸೇರಿ ದೇವರನಾಮ ಹಾಡುತ್ತಿದ್ದರು. ಆಮೇಲೆ ಚಹಾ ಕುಡಿಯುತ್ತ ಊರವರ ಸುದ್ದಿಯನ್ನೆಲ್ಲ ತೆಗೆಯುತ್ತಿದ್ದರು. ಲಗ್ನವಾದಂದಿನಿಂದ ಗಂಡ ರಾಘವೇಂದ್ರರಾಯರ ಹಿಂದೆಯೇ ನಡೆದು ಬಂದವರಿಗೆ, ಒಬ್ಬರೇ ನಡೆಯುವ ದಾರಿ ಅದೊಂದೇ ಆಗಿತ್ತು. ಫಿಟ್ಸ್ ಶುರುವಾದ ಮೇಲೆ ಅದೂ ನಿಂತಿತು. ಸರಕಾರಿ ನೌಕರಿಯಿಂದ ನಿವೃತ್ತರಾಗಿದ್ದ ರಾಯರು ಕಾರಿನಲ್ಲಿ ಕರೆದೊಯ್ಯುತ್ತೇನೆ ಅಂದರು. ಪಡಸಾಲೆಯಲ್ಲಿ ಗಂಡ ಪೇಪರು ಓದುತ್ತ ಕೂತರೆ ಒಳಗೆ ಸುದ್ದಿ ತೆಗೆಯುವುದು ಹೇಗೆ?

ಆ ಹೊತ್ತಿಗೆ ಪೂರ್ವಿ ಬಂದಳು. ಮೆದುಳಿನ ಗಡ್ಡೆ ಇರುವವರು ತಮ್ಮ ದಿನವನ್ನು ತಾವೇ ಹೇಗೆ ನಿಭಾಯಿಸಬಹುದು, ಅದಕ್ಕೆ ಯಾವ ಆಸರೆ ಬೇಕು ಎಂದು ಅಧ್ಯಯನ ಮಾಡುತ್ತಿದ್ದ ಒಂದು ತಂಡದ ಹುಡುಗಿ ಅವಳು. ಕನ್ನಡ ಬಲ್ಲವಳೆಂದು ಕನ್ನಡದ ಮನೆಗಳನ್ನು ಅವಳಿಗೆ ವಹಿಸಿದ್ದರು. ನಿಮಗೆ ಏನು ಬೇಕು ಎಂದು ಅವಳು ಕೇಳಿದಾಗ ರಾಯರೇ ಉತ್ತರ ಕೊಟ್ಟರು, ಆರಾಮ ಆಗಬೇಕು ಎಂದು. ಪೂರ್ವಿ ತಲೆಯಾಡಿಸಿ ಮತ್ತೆ ಯಮುನಾಬಾಯಿಯ ಕಡೆಗೇ ನೋಡಿದಳು.

“ಗುರುವಾರ ನಾರಾಯಣಗೂಡಕ್ಕ ಹೋಗಬೇಕವಾ,” ಎಂದರು ಯಮುನಾಬಾಯಿ. “ಒಬ್ಬಾಕಿನ.”

ರಾಯರು ಕನ್ನಡಕ ತೆಗೆದು ಒರೆಸಿಕೊಂಡರು.

ಅಂದಿನಿಂದ ಕಲಿಕೆ ನಡೆಯಿತು. ಫಿಟ್ಸ್ ಬರುವ ಮುಂಚೆ ಯಮುನಾಬಾಯಿಯ ಎಡಗೈ ಕಿರುಬೆರಳಲ್ಲಿ ಇರುವೆ ಹರಿದಂತಾಗುತ್ತಿತ್ತು. ಹಾಗಾದ ಕೂಡಲೇ ಇದ್ದಲ್ಲಿಯೇ ಕೂಡಬೇಕು, ಪಕ್ಕದವರಿಗೆ ಬಾಯಿಬಿಟ್ಟು ಹೇಳಬೇಕು ಎಂದಳು ಪೂರ್ವಿ. ತಂಡದವರು ಮಾಡಿಸಿದ ಚಿತ್ರದ ಹಾಳೆಯೊಂದನ್ನೂ ಕೊಟ್ಟಳು. ಅದರಲ್ಲಿ ಒಂದೊಂದು ಊಟದ ತಟ್ಟೆ, ಪಕ್ಕದಲ್ಲಿ ಫಿಟ್ಸಿನ ಗುಳಿಗೆ; ಊಟ ಆದ ಮೇಲೆ ನುಂಗಬೇಕು ಎಂದಳು. ಯಮುನಾಬಾಯಿ ಅದನ್ನು ಅಡುಗೆಮನೆಯ ಗೋಡೆಗೆ ಅಂಟಿಸಿ, ಹಾಗೆಯೇ ನಡೆದುಕೊಂಡರು.

ಆದರೂ ಹದಿನೈದು ದಿನಕ್ಕೊಮ್ಮೆ ಫಿಟ್ಸ್ ಬರುತ್ತಲೇ ಇತ್ತು. ಸ್ಕ್ಯಾನಿನಲ್ಲಿ ಗಡ್ಡೆ ಬೆಳೆದಿರಲಿಲ್ಲ. ಡಾಕ್ಟರು ಗುಳಿಗೆಯ ಪ್ರಮಾಣ ಏರಿಸಿದರು, ಹಗಲೆಲ್ಲ ತೂಕಡಿಕೆ ಬಂತು, ಫಿಟ್ಸ್ ಹೋಗಲಿಲ್ಲ. ಗುಳಿಗೆ ತಪ್ಪಿಸುತ್ತಾರೇನೋ ಎಂದು ತಂಡದವರು ಕೇಳಿದ್ದಕ್ಕೆ ರಾಯರಿಗೆ ಸಿಟ್ಟು ಬಂತು. ಊಟ ಮುಗಿದ ಕೂಡಲೇ ನನ್ನ ಕಣ್ಣೆದುರೇ ನುಂಗುತ್ತಾಳೆ ಅಂದರು. ಅದು ನಿಜವೂ ಆಗಿತ್ತು. ಗುರುವಾರದ ಮಾತನ್ನು ಮನೆಯಲ್ಲಿ ಯಾರೂ ಎತ್ತದಾದರು.

ಒಂದು ಬೆಳಿಗ್ಗೆ ಪೂರ್ವಿ ಹೇಳದೆ ಬಂದಳು. ಯಮುನಾಬಾಯಿ ಅವಳ ಮುಂದೆ ಅವಲಕ್ಕಿ ಇಟ್ಟು, ತಾವು ಬರಿಗೈಲಿ ಕೂತರು.

“ನೀವು ತಿನ್ನಂಗಿಲ್ಲೇನ್ರಿ ಕಾಕು?”

“ಇವತ್ತ ಏಕಾದಶಿ ಅಲ್ಲೇನವಾ. ನೀರೂ ಇಲ್ಲ.”

“ಮತ್ತ ಗುಳಿಗಿ?”

“ಊಟ ಆದ ಮ್ಯಾಲೆ ಅಂತ ನೀನ ಹೇಳೀದಿ. ಊಟನ ಇಲ್ಲಂದ್ರ ಗುಳಿಗಿ ಎಲ್ಲಿಂದ ಬರಬೇಕು?”

ಪೂರ್ವಿಯ ಕೈಯಲ್ಲಿನ ಚಮಚ ಅಲ್ಲೇ ನಿಂತಿತು. ರಾಯರು ಪೇಪರು ಮಡಚಿದರು. ಪ್ರತಿ ಪಕ್ಷದ ಏಕಾದಶಿಗೆ ಉಪವಾಸ, ಮರುದಿನ ದ್ವಾದಶಿಗೆ ಫಿಟ್ಸ್. ಉಪವಾಸ ಆ ಮನೆಯಲ್ಲಿ ಉಸಿರಾಡಿದಷ್ಟು ಸಹಜ. ಡಾಕ್ಟರಿಗೆ ಹೇಳುವ ಸಂಗತಿ ಎಂದು ಯಾರಿಗೂ ಹೊಳೆದಿರಲಿಲ್ಲ. ಕೇಳಬೇಕೆಂದು ತಂಡಕ್ಕೂ ಹೊಳೆದಿರಲಿಲ್ಲ. ತಟ್ಟೆಯ ಚಿತ್ರ ಬರೆಸಿದವರು ತಾವೇ ಎಂದು ಪೂರ್ವಿಯ ಮುಖ ಕೆಂಪಾಯಿತು.

ಅವಳು ಅಲ್ಲಿಂದಲೇ ಡಾಕ್ಟರಿಗೆ ಫೋನು ಮಾಡಿದಳು. ಫಿಟ್ಸಿನ ಈ ಗುಳಿಗೆಗೆ ಊಟ ಬೇಕಿಲ್ಲ, ನೀರು ಸಾಕು, ಆದರೆ ಒಂದು ಹೊತ್ತೂ ತಪ್ಪಬಾರದು ಎಂದರು ಅವರು. ಇನ್ನು ಉಪವಾಸ ಬಂದ್ ಎಂದು ರಾಯರು ತೀರ್ಪು ಕೊಟ್ಟರು. ಯಮುನಾಬಾಯಿ ಪೂರ್ವಿಯ ಮುಖ ನೋಡಿದರು, ಎಂದಿನಂತೆ, ಏನು ಮಾಡಬೇಕು ಹೇಳು ಎನ್ನುವಂತೆ.

“ಉಪವಾಸ ಬಿಡ್ರಿ ಅಂತ ನಾ ಹೇಳಂಗಿಲ್ಲ ಕಾಕು,” ಎಂದಳು ಪೂರ್ವಿ. “ಗುಳಿಗಿ ಬಿಡಬ್ಯಾಡ್ರಿ ಅಂತೀನಿ. ಎರಡೂ ಹ್ಯಾಂಗ ಕೂಡಸೋದು, ಅದನ್ನ ನೀವ ನೋಡ್ರಿ.”

ಯಮುನಾಬಾಯಿ ಎದ್ದರು. 

“ಮಾವನವರು ಏಕಾದಶಿ ದಿನ ಕೆಮ್ಮಿಗೆ ಕಷಾಯ ಕುಡೀತಿದ್ರು. ಔಷಧಕ್ಕ ದೋಷ ಇಲ್ಲ ಅಂತಿದ್ರು. ಅವರಿಗೆ ನಡದದ್ದು ನನಗ್ಯಾಕ ನಡಿಯಂಗಿಲ್ಲ?” ಎಂದು ದೇವರ ಕಡೆಗೊಮ್ಮೆ ಕೈಮುಗಿದು, ಲೋಟದಲ್ಲಿ ನೀರು ಬಗ್ಗಿಸಿಕೊಂಡು ಗುಳಿಗೆ ನುಂಗಿದರು.

ಮುಂದಿನ ದ್ವಾದಶಿ ಸುಮ್ಮನೆ ಕಳೆಯಿತು, ಅದರ ಮುಂದಿನದೂ. ಹೀಗೆ ಕೆಲವು ತಿಂಗಳಾದ ಮೇಲೆ, ಒಬ್ಬರೇ ಮೆಟ್ರೊ ಹತ್ತಲು ಡಾಕ್ಟರು ಹೂಂ ಅಂದರು. ಹೋಗಿ ಬಾ ಎಂದು ರಾಯರೂ ಅಂದರು, ಮುಖ ಆಚೆ ತಿರುಗಿಸಿಕೊಂಡು.

ಆ ಗುರುವಾರ, ರೈಲು ಬದಲಿಸುವ ಪರೇಡ್ ಗ್ರೌಂಡ್ ಸ್ಟೇಷನ್ನಿನಲ್ಲಿ ಕಿರುಬೆರಳೊಳಗೆ ಇರುವೆ ಹರಿಯಿತು. ಯಮುನಾಬಾಯಿ ಬೆಂಚಿನ ಮೇಲೆ ಕೂತುಬಿಟ್ಟರು. ಪಕ್ಕದ ಕಾಲೇಜು ಹುಡುಗಿಗೆ ತೆಲುಗಿನಲ್ಲಿ, ನನಗೆ ಫಿಟ್ಸ್ ಬರಬಹುದು, ಹೆದರಬೇಡ, ಸ್ವಲ್ಪ ಹೊತ್ತು ಜೊತೆಗಿರು ಎಂದರು. ಹುಡುಗಿ ಅವರ ಕೈ ಹಿಡಿದು ಕೂತಳು. ಬೆರಳಿನ ಇರುವೆ ಬಂದಂತೆಯೇ ಹೋಯಿತು. ತಡವಾಯಿತೆಂದು ಮೃಣಾಲಿನಿ ನಾರಾಯಣಗೂಡ ಸ್ಟೇಷನ್ನಿನ ಮೆಟ್ಟಿಲ ಬುಡಕ್ಕೇ ಬಂದು ಕಾಯುತ್ತಿದ್ದರು. ಯಮುನಾಬಾಯಿ ಇಳಿದು ಬಂದು ಮೊದಲು ಕೇಳಿದ್ದು ಚಹಾದ ವಿಷಯ. ಸಂಜೆ ರಾಯರಿಗೂ ನಡೆದದ್ದೆಲ್ಲ ಹೇಳಿದರು, ಏನೂ ಮುಚ್ಚಲಿಲ್ಲ.  ಮುಂದಿನ ಗುರುವಾರ ರಾಯರು ನೀರಿನ ಬಾಟ್ಲಿ ತುಂಬಿ ಬಾಗಿಲ ಬಳಿ ಇಟ್ಟಿದ್ದರು.

ಹತ್ತಿರ ಹತ್ತಿರ ಒಂದು ವರ್ಷ ಆ ಗುರುವಾರಗಳು ಸಿಕ್ಕವು. ಆಮೇಲೆ ಗಡ್ಡೆ ನಿಜವಾಗಿಯೇ ಬೆಳೆಯಿತು, ಎಡಗಾಲು ಸೋತಿತು. ಪೂರ್ವಿ ಬಂದಾಗಲೆಲ್ಲ ಹೊಸ ಮನೆಗಳ ಸುದ್ದಿ ಹೇಳುತ್ತಿದ್ದಳು. ಈಗ ತಂಡದವರು ಯಾರ ಮನೆಗೆ ಹೋದರೂ ಮೊದಲು ಉಪವಾಸದ ಬಗ್ಗೆ ಕೇಳುತ್ತಾರಂತೆ, ರಂಜಾನಿನ ರೋಜಾ ಹಿಡಿಯುವ ಮನೆಗಳಲ್ಲಿಯೂ. ಹಾಳೆಯಲ್ಲಿ ಈಗ ತಟ್ಟೆಯ ಚಿತ್ರ ಇಲ್ಲವಂತೆ.

ಯಮುನಾಬಾಯಿ ಹಾಸಿಗೆ ಹಿಡಿದ ಮೇಲೆ ಗುರುವಾರ ಮಧ್ಯಾಹ್ನ ಮೃಣಾಲಿನಿಯೇ ಉಪ್ಪಲ್ ರೈಲು ಹತ್ತಿದರು. ಮೊದಲ ಸಲ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತಾಗ, ಯಮುನಾಬಾಯಿ ದಿಂಬಿನಿಂದ ತಲೆ ಎತ್ತಿ, ರಾಯರ ದನಿಯನ್ನೇ ಅಣಕಿಸುತ್ತ ಕೇಳಿದರು:

“ಒಬ್ಬಾಕಿನ ಬಂದೀಯೇನ? ಮನ್ಯಾಗ ಹೇಳಿ ಬಂದೀಯೋ ಇಲ್ಲೋ?”

ರಾಯರು ಪೇಪರು ಎತ್ತಿಕೊಂಡು ಹೊರಗೆ ಹೋದರು, ಬಾಗಿಲು ಎಳೆದುಕೊಂಡು.