ಕಂದಾಯದ ಸಾಹೇಬರು

ಅವರ ಒಂದು ಹೆಜ್ಜೆ ಎಂದರೆ ಸರಿಯಾಗಿ ಎರಡೂವರೆ ಅಡಿ. ಎತ್ತರದ ಆಳು, ಬಡಕಲು ಕಾಲು. ಮೊಣಕಾಲು ಹೆಚ್ಚು ಮಡಚದೆ, ಹಿಮ್ಮಡಿ ಮೊದಲು ಊರಿ, ಕತ್ತರಿ ತೆರೆದು ಮುಚ್ಚಿದ ಹಾಗೆ ನಡೆಯುತ್ತಿದ್ದರು. ಇಪ್ಪತ್ತು ವರ್ಷ ಊರವರ ಮನೆಗಳ ಉದ್ದಗಲ ಅಳೆದೂ ಅಳೆದೂ ಆ ನಡಿಗೆ ಅವರಿಗೆ ಅಂಟಿಕೊಂಡಿತ್ತು. ಹೆಗಲಿನ ಚೀಲದಲ್ಲಿ ಟೇಪು ಇರುತ್ತಿತ್ತು. ಅದನ್ನು ಬಿಚ್ಚುವ ಮೊದಲೇ ಗೋಡೆಯುದ್ದಕ್ಕೂ ಒಮ್ಮೆ ನಡೆದು ಅಳತೆ ಹೇಳಿಬಿಡುತ್ತಿದ್ದರು. ಆಮೇಲೆ ಟೇಪು ಹಿಡಿದರೆ ಒಂದು ಗೇಣು ವ್ಯತ್ಯಾಸ ಬಂದರೆ ಹೆಚ್ಚು. ಮಸೀದಿಗೆ ಹೋಗುವಾಗಲೂ ಅದೇ ಹೆಜ್ಜೆ, ಸಂತೆಗೆ ಹೋಗುವಾಗಲೂ ಅದೇ.

ಅವರು ನಮ್ಮೂರ ಪುರಸಭೆಯ ಬಿಲ್ ಕಲೆಕ್ಟರು. ಯಲಹಂಕದ ಬಸ್ಸಿಳಿದು ಇನ್ನೊಂದು ಬಸ್ಸು ಹಿಡಿದರೆ ನಮ್ಮೂರು ಸಿಗುತ್ತಿತ್ತು. ಈಗ ಅದು ಬೆಂಗಳೂರೇ. ಆಗ ಅದಕ್ಕೆ ತನ್ನದೇ ಪುರಸಭೆ, ತನ್ನದೇ ಅಧ್ಯಕ್ಷರು, ತನ್ನದೇ ಕಂದಾಯ ಇತ್ತು. ಊರವರೆಲ್ಲ ಅವರನ್ನು ಕಂದಾಯದ ಸಾಹೇಬರು ಎಂದೇ ಕರೆಯುತ್ತಿದ್ದರು. ಎದುರಿಗೆ ಕರೆಯುವಾಗ ಗೌರವ, ಬೆನ್ನ ಹಿಂದೆ ಬೈಗುಳ.

ಬೈಗುಳಕ್ಕೆ ಕಾರಣವೂ ಇತ್ತೆನ್ನಿ. ಮಾತು ಒರಟು. ಮನೆಯ ಯಜಮಾನ ಎಷ್ಟೇ ದೊಡ್ಡವನಾಗಲಿ, ಅಳತೆ ಮುಗಿಯುವವರೆಗೆ ಬಿಸಿಲಲ್ಲಿ ನಿಲ್ಲಿಸುತ್ತಿದ್ದರು. ತಾವು ಅಳೆದ ಮನೆಯಲ್ಲಿ ಟೀ ಕುಡಿಯುತ್ತಿರಲಿಲ್ಲ. ಊರಲ್ಲಿ ಅವರು ಅಳೆಯದ ಮನೆಯೇ ಇಲ್ಲವಾದ್ದರಿಂದ ಎಲ್ಲೂ ಕುಡಿಯುತ್ತಿರಲಿಲ್ಲ. ರಿಜಿಸ್ಟರಿನಲ್ಲಿ ತಮ್ಮ ಕನ್ನಡ ಅಕ್ಷರ ಎಷ್ಟು ದುಂಡಗಿದೆ ಎಂದು ಬಂದವರಿಗೆಲ್ಲ ತೋರಿಸುವ ಜಂಬವೂ ಇತ್ತು. ಏಪ್ರಿಲ್ ತಿಂಗಳು ಹುಟ್ಟಿದ ದಿನವೇ ಮಸೀದಿ ಹಿಂದಿನ ತಮ್ಮ ಎರಡು ಕೋಣೆಯ ಮನೆಗೆ ತಾವೇ ರಸೀದಿ ಹರಿದುಕೊಂಡು, ಅದನ್ನು ಜೇಬಿನಲ್ಲಿಟ್ಟುಕೊಂಡೇ ಮಿಕ್ಕವರ ಬಾಗಿಲು ತಟ್ಟುತ್ತಿದ್ದರು.

ನಾನು ಅವರನ್ನು ಮೊದಲು ಹತ್ತಿರದಿಂದ ನೋಡಿದ್ದು ಜಪ್ತಿಯ ದಿನ. ನಮ್ಮಪ್ಪ ಯಶವಂತಪುರದ ಗೂಡ್ಸ್ ಶೆಡ್ಡಿನಲ್ಲಿ ಮೂಟೆ ಹೊರುತ್ತಿದ್ದವರು, ನಾನು ಎಸ್ಸೆಸ್ಸೆಲ್ಸಿ ಮುಗಿಸುವಷ್ಟರಲ್ಲಿ ತೀರಿಕೊಂಡಿದ್ದರು. ಮನೆಯ ಕಂದಾಯ ಮೂರು ವರ್ಷದಿಂದ ಕಟ್ಟಿರಲಿಲ್ಲ. ಎಪ್ಪತ್ತರ ದಶಕದ ಕೊನೆಯ ದಿನಗಳು ಅವು. ಬಾಕಿ ಉಳಿಸಿಕೊಂಡವರ ಮನೆಯಿಂದ ಪಾತ್ರೆ ಹೊತ್ತೊಯ್ಯುವುದು ನಮ್ಮೂರಲ್ಲಿ ವಿಶೇಷವೇನಾಗಿರಲಿಲ್ಲ. ಸಾಹೇಬರು ಜವಾನನನ್ನು ಕರೆದುಕೊಂಡು ಬಂದರು. ಅಮ್ಮ ಆಗಲೇ ತಾಮ್ರದ ಹಂಡೆಯನ್ನು ಹುಣಸೆಹಣ್ಣು ಹಾಕಿ ಬೆಳಗಿ ಜಗಲಿಯ ಮೇಲಿಟ್ಟಿದ್ದಳು. ಕೊಡುವ ವಸ್ತು ಕೊಳಕಾಗಿರಬಾರದು ಎಂಬುದೊಂದು ಹಟ.

"ತಗಂಡೋಗಿ ಸಾಬ್ರೆ. ಇದು ಬಿಟ್ರೆ ಇನ್ನೇನೂ ಇಲ್ಲ," ಎಂದಳು.

ಅವರು ಹಂಡೆಯ ಕಡೆ ನೋಡಲಿಲ್ಲ. ಮನೆಯ ಸುತ್ತ ಹೆಜ್ಜೆ ಹಾಕಿದರು. ಹಿತ್ತಿಲಿಗೆ ಹೋದವರು ಅಲ್ಲೇ ನಿಂತು ರಿಜಿಸ್ಟರು ತೆಗೆದರು. ಅದರಲ್ಲಿ ನಮ್ಮ ಮನೆಗೆ ಮೂರು ಅಂಕಣವೆಂದು ಬರೆದಿತ್ತು. ಹಿಂದಿನ ದನದ ಕೊಟ್ಟಿಗೆ ಮಳೆಗೆ ಕುಸಿದು ಎಷ್ಟೋ ವರ್ಷವಾಗಿ, ಮೊಣಕಾಲೆತ್ತರದ ಒಂದು ಮೋಟುಗೋಡೆ ಮಾತ್ರ ಉಳಿದಿತ್ತು. ಯಾವಾಗ ಬಿತ್ತು ಎಂದು ವಿಚಾರಿಸಿದರು. ಅಪ್ಪ ಇದ್ದಾಗಲೇ ಎಂದಳು ಅಮ್ಮ. ಸಾಹೇಬರು ಜಗಲಿಯ ಮೇಲೆ ಹಂಡೆಯ ಪಕ್ಕದಲ್ಲೇ ಕೂತು, ಅಮ್ಮನ ಪರವಾಗಿ ತಾವೇ ಒಂದು ಅರ್ಜಿ ಬರೆದು, ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸಿಕೊಂಡರು. ಜವಾನನನ್ನು ಬರಿಗೈಯಲ್ಲಿ ವಾಪಸು ಕಳಿಸಿದರು.

ಅಮ್ಮ ಕೈಮುಗಿಯಲು ಹೋದಾಗ ಸಿಡುಕಿದರು. "ಬಿದ್ದೋಗಿರೋ ಗೋಡೆಗೆ ಕಂದಾಯ ತಗೊಂಡ್ರೆ ಅದು ಕಳ್ಳತನ ಆಗುತ್ತೆ ಅಮ್ಮ. ಅದಕ್ಕೆ ಬರೆದೆ. ನಿಂತಿರೋ ಗೋಡೆಗೆ ನಾನು ಬಿಡೋನಲ್ಲ."

ಬಿಡಲೂ ಇಲ್ಲ. ಬಾಕಿಯನ್ನು ಕಂತು ಮಾಡಿ, ತಿಂಗಳು ತಿಂಗಳೂ ಬಂದು ವಸೂಲು ಮಾಡಿದರು. ಹಾಗೆ ಬಂದಾಗಲೇ ಒಮ್ಮೆ ನನ್ನ ಕಡೆ ತಿರುಗಿ, ಮನೆಯಲ್ಲಿ ಕೂತು ಏನು ಮಾಡುತ್ತೀಯ, ಟೈಪಿಂಗ್ ಕಲಿ ಎಂದರು. ಯಲಹಂಕದ ಒಂದು ಟೈಪಿಂಗ್ ಶಾಲೆಗೆ ಅವರೇ ಹೇಳಿ ಸೇರಿಸಿದರು. ಎರಡು ವರ್ಷದ ಮೇಲೆ ಪುರಸಭೆಯಲ್ಲಿ ದಿನಗೂಲಿ ಟೈಪಿಸ್ಟು ಬೇಕಾದಾಗ ನನ್ನ ಅರ್ಜಿ ಎಲ್ಲರಿಗಿಂತ ಮೊದಲು ಮುಖ್ಯಾಧಿಕಾರಿಯ ಮೇಜಿನ ಮೇಲಿತ್ತು. ಅದನ್ನು ಅಲ್ಲಿಟ್ಟವರು ಯಾರೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಆಫೀಸಿನಲ್ಲಿ ಅವರು ನನ್ನನ್ನು ಬೇಟಿ ಎನ್ನುತ್ತಿದ್ದರು. ತಪ್ಪು ಟೈಪು ಮಾಡಿದಾಗ ಮಾತ್ರ ಅಮ್ಮಣ್ಣಿ. ಕಂದಾಯದ ನೋಟಿಸುಗಳನ್ನು ನಾನು ಟಕಟಕನೆ ಹೊಡೆಯುವುದನ್ನು ನೋಡಿ ಒಂದು ದಿನ ಪಕ್ಕಕ್ಕೆ ಬಂದು ನಿಂತರು. "ಅಕ್ಷರ ತಪ್ಪಿದ್ರೆ ಓದೋರು ನಗ್ತಾರೆ, ಅಷ್ಟೇ. ಅಂಕಿ ತಪ್ಪಿದ್ರೆ ಯಾರದೋ ಮನೆ ಹಂಡೆ ಹೋಗುತ್ತೆ. ನಿಧಾನಕ್ಕೆ ಹೊಡಿ."

ಎಂಬತ್ತರ ದಶಕ ಆರಂಭವಾಗಿ ಒಂದೆರಡು ವರ್ಷವಾಗಿರಬೇಕು. ನಮ್ಮೂರ ಕೆರೆಯ ಕೆಳಗೊಂದು ಪಾಳ್ಯವಿತ್ತು. ಕಲ್ಲು ಒಡೆಯುವವರು, ಇಟ್ಟಿಗೆ ಗೂಡಿನವರು ಇದ್ದ ಕೇರಿ. ಅಲ್ಲಿ ನಲ್ಲಿಯಿಲ್ಲ, ಇದ್ದ ಒಂದು ಬಾವಿ ಬೇಸಿಗೆಗೆ ಬತ್ತುತ್ತಿತ್ತು. ನೀರು ಕೊಡದವರಿಗೆ ನಾವೇಕೆ ಕೊಡಬೇಕು ಎಂದು ಪಾಳ್ಯದವರು ಕಂದಾಯ ಕಟ್ಟುತ್ತಲೂ ಇರಲಿಲ್ಲ. ಆ ವರ್ಷ ಪುರಸಭೆ ಒಂದು ಠರಾವು ಮಾಡಿತು. ಪಾಳ್ಯದಿಂದ ವಸೂಲಾದ ಹಣವೆಲ್ಲ ಪಾಳ್ಯಕ್ಕೆ ಪೈಪು ಹಾಕುವುದಕ್ಕೇ ಎಂದು. ನಾನೇ ಅದನ್ನು ಟೈಪು ಮಾಡಿದ್ದು. ಸಾಹೇಬರಿಗೆ ಎಷ್ಟು ಖುಷಿಯಾಗಿತ್ತೆಂದರೆ, ಅದರ ಒಂದು ಪ್ರತಿ ಕೇಳಿ ಪಡೆದು ಪಾಳ್ಯದ ಒಂದೊಂದು ಬಾಗಿಲಲ್ಲೂ ನಿಂತು ಓದಿದರು. ನಾನು ಹೇಳ್ತಿದೀನಿ, ಮುಂದಿನ ಬೇಸಿಗೆಗೆ ನೀರು ಬರುತ್ತೆ ಎಂದರು. ಹುಟ್ಟಿದಾಗಿನಿಂದ ಕಂದಾಯ ಕಟ್ಟದವರು ಕಟ್ಟಿದರು. ಗಂಡನಿಲ್ಲದ ಒಬ್ಬ ಮುದುಕಿ ಮೊಟ್ಟೆಯಿಡುವ ಕೋಳಿಗಳನ್ನು ಮಾರಿ ಕಟ್ಟಿದಳು.

ಪೈಪುಗಳೂ ಬಂದವು. ಕೆರೆ ಏರಿಯ ಮೇಲೆ ಲಾರಿಯಿಂದ ಇಳಿಸಿದ್ದನ್ನು ಪಾಳ್ಯದ ಮಕ್ಕಳು ಮುಟ್ಟಿ ಮುಟ್ಟಿ ನೋಡಿ ಬಂದರು. ತಿಂಗಳೆರಡು ಕಳೆದ ಮೇಲೆ ಅವೇ ಪೈಪುಗಳು ಮತ್ತೆ ಲಾರಿ ಹತ್ತಿ ಅಧ್ಯಕ್ಷರ ಹೊಸ ಬಡಾವಣೆಗೆ ಹೋದವು. ಬಡಾವಣೆ ಎಂದರೆ ಜೋಳದ ಹೊಲಕ್ಕೆ ಕಲ್ಲು ನೆಟ್ಟು ಸೈಟು ಮಾಡಿದ್ದು. ಒಂದು ಮನೆಯೂ ಎದ್ದಿರಲಿಲ್ಲ. ನಲ್ಲಿ ಇದ್ದರೆ ಸೈಟಿಗೆ ಬೆಲೆ. ಖಾಲಿ ಹೊಲದಲ್ಲಿ ಸಾಲಾಗಿ ನಲ್ಲಿಗಳು ನಿಂತವು. ಅವುಗಳಿಂದ ತೊಟ್ಟಿಕ್ಕಿದ ನೀರನ್ನು ಮೇಕೆಗಳು ಕುಡಿದವು. ಆ ಬಡಾವಣೆ ಕಂದಾಯದ ರಿಜಿಸ್ಟರಿನಲ್ಲೇ ಇರಲಿಲ್ಲ.

ಕೋಳಿ ಮಾರಿದ ಮುದುಕಿ ಆಫೀಸಿಗೆ ಬಂದಳು. ಅಧ್ಯಕ್ಷರ ಕೋಣೆಯ ಕಡೆ ತಲೆಯನ್ನೂ ಹಾಕಲಿಲ್ಲ, ನೇರ ಸಾಹೇಬರ ಮೇಜಿನ ಮುಂದೆ ನಿಂತಳು. "ನಿಮ್ಮ ಮಾತ ನಂಬಿ ಕೊಟ್ಟೆ ಸಾಬ್ರೆ. ಆ ಅಧ್ಯಕ್ಷನ ಮುಖ ನಾನ್ಯಾವತ್ತು ಕಂಡಿವ್ನಿ?" ಎಂದು ಇಷ್ಟೇ ಹೇಳಿ ಹೋದಳು. ಸಾಹೇಬರು ಅವಳ ಹಿಂದೆಯೇ ಬಾಗಿಲವರೆಗೆ ಹೋಗಿ, ತಿರುಗಿ ಬಂದು ಕೂತರು.

ಮಾರನೆಯ ದಿನ ಅವರು ನನ್ನ ಬಳಿ ಠರಾವಿನ ಪುಸ್ತಕ ಕೇಳಿದರು. ಅದರ ಬೀರುವಿನ ಬೀಗದ ಕೈ ಇದ್ದದ್ದು ನನ್ನ ಹತ್ತಿರ. ನಾನೇ ತೆಗೆದುಕೊಟ್ಟೆ. ನನ್ನ ಮೇಜಿನ ಮೂಲೆಯಲ್ಲೇ ಕೂತು ನಕಲು ಮಾಡಿಕೊಂಡರು. ಜಿಲ್ಲೆಯ ಅಧಿಕಾರಿಗಳಿಗೆ ಅವರು ಬರೆದ ದೂರನ್ನು ಟೈಪು ಮಾಡಿದವಳೂ ನಾನೇ. ಎರಡು ಪುಟ. ಪೈಪು ಬಂದದ್ದು, ಹೋದದ್ದು ಬಿಟ್ಟರೆ ಬೇರೇನೂ ಇಲ್ಲ. ಕೆಳಗೆ ತಮ್ಮ ಪೂರ್ತಿ ಹೆಸರು ಹಾಕಿ ರುಜು ಮಾಡಿದರು. ಹೆಸರಿಲ್ಲದೆ ಕಳಿಸಬಹುದಲ್ಲ ಎಂದು ನಾನಂದದ್ದಕ್ಕೆ, ಮಾತು ಕೊಟ್ಟಾಗ ಹೆಸರಿತ್ತಲ್ಲ ಎಂದರು.

ದೂರು ಹೋದ ದಾರಿಯಲ್ಲೇ ಅಧ್ಯಕ್ಷರ ಕೈಗೆ ವಾಪಸು ಬಂತು. ಹೇಗೆ ಬಂತೋ ತಿಳಿಯದು. ಒಂದು ಮಧ್ಯಾಹ್ನ ನನ್ನನ್ನು ಒಳಗೆ ಕರೆದರು. ಅಧ್ಯಕ್ಷರು ಕಿಟಕಿಯಾಚೆ ನೋಡುತ್ತಿದ್ದರು. ಸಾಹೇಬರು ಗೋಡೆಯ ಬಳಿ ನಿಂತಿದ್ದರು. ಮುಖ್ಯಾಧಿಕಾರಿ ಮೆಲ್ಲಗೆ ಶುರುಮಾಡಿದರು. "ನೋಡಮ್ಮ, ಆ ಬೀರು ಬೀಗದ ಕೈ ನಿನ್ನ ಹತ್ರ ತಾನೇ ಇರೋದು..."

"ನಂಗೆ ಗೊತ್ತಿಲ್ಲದೆ ತಗೊಂಡಿದಾರೆ ಸಾರ್," ಎಂದೆ.

ಅವರ ವಾಕ್ಯ ಇನ್ನೂ ಮುಗಿದಿರಲಿಲ್ಲ. ನಾನು ದಿನಗೂಲಿಯವಳು, ಮನೆಯಲ್ಲಿ ಅಮ್ಮ, ತಂಗಿ. ಇದನ್ನೆಲ್ಲ ಆಮೇಲೆ ನೂರು ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಆ ಗಳಿಗೆಯಲ್ಲಿ ಅದ್ಯಾವುದೂ ನೆನಪಾಗಲಿಲ್ಲ. ಹೆದರಿಕೆಯಾಯಿತು, ಹೇಳಿದೆ. ಅದನ್ನೇ ಬರೆಸಿಕೊಂಡರು. ಟೈಪು ಮಾಡಿದ್ದೂ ನಾನೇ. ಒಂದು ಅಕ್ಷರವೂ ತಪ್ಪಲಿಲ್ಲ.

ಕಚೇರಿಯ ದಾಖಲೆ ಕದ್ದ ಆರೋಪದ ಮೇಲೆ ಸಾಹೇಬರು ಅಮಾನತಾದರು. ಆರು ತಿಂಗಳ ಮೇಲೆ ನನ್ನ ಕೆಲಸ ಕಾಯಂ ಆಯಿತು.

ಅವರು ಯಶವಂತಪುರದ ಒಂದು ಮರದ ಮಂಡಿಯಲ್ಲಿ ದಿಮ್ಮಿ ಅಳೆಯುವ ಕೆಲಸಕ್ಕೆ ಸೇರಿದ್ದಾರೆಂದು ಕೇಳಿದ್ದೆ. ವರ್ಷದ ಮೇಲೆ ಅಲ್ಲಿಯ ಬಸ್ ಸ್ಟಾಪಿನಲ್ಲಿ ಎದುರಾದರು. ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಮೈಯೆಲ್ಲ ಮರದ ಹೊಟ್ಟು, ಗಡ್ಡ ಪೂರಾ ಬೆಳ್ಳಗಾಗಿತ್ತು. ಅಮ್ಮನ ಆರೋಗ್ಯ ವಿಚಾರಿಸಿದರು. ತಂಗಿಗೆ ಗಂಡು ನೋಡುತ್ತಿದ್ದೀರಾ ಎಂದರು. ನನಗೆ ಅಳು ಬಂತು. ಕ್ಷಮಿಸಿ ಎನ್ನಲು ಬಾಯಿ ತೆರೆದೆ.

"ಸುಳ್ಳು ಹೇಳಿದ್ದಕ್ಕೆ ಬೇಜಾರಿಲ್ಲ ಬೇಟಿ," ಎಂದರು ಅವರೇ. "ಹೊಟ್ಟೆಪಾಡು, ಯಾರಾದ್ರೂ ಹೇಳ್ತಾರೆ. ಅವರು ಕೇಳಿ ಮುಗಿಸೋಕೆ ಮುಂಚೆನೇ ಹೇಳ್ಬಿಟ್ಟೆಯಲ್ಲ, ಅದೊಂದು ನನ್ನ ಕೈಲಿ ಮರೆಯಕ್ಕಾಗಲ್ಲ."

ಬಸ್ಸು ಬಂತು. ನಾನು ಹತ್ತಿದೆ. ಅವರನ್ನು ನೋಡಿದ್ದು ಅದೇ ಕೊನೆ.

ವಿಚಾರಣೆ ಎಳೆದಾಡುತ್ತಲೇ ಇತ್ತು. ಅಮಾನತಿನ ಮೂರನೆಯ ವರ್ಷ ಅವರು ಮಂಡಿಯಲ್ಲೇ ಎದೆ ಹಿಡಿದುಕೊಂಡು ಬಿದ್ದು ತೀರಿಕೊಂಡರು. ಮಣ್ಣಿಗೆ ಪುರಸಭೆಯಿಂದ ಯಾರೂ ಹೋಗಲಿಲ್ಲ. ನಾನೂ ಹೋಗಲಿಲ್ಲ. ಕೆಳಗಿನ ಪಾಳ್ಯದ ಗಂಡಸರು ಹೋಗಿದ್ದರು ಎಂದು ಆಮೇಲೆ ತಿಳಿಯಿತು.

ಅವರ ಹೆಂಡತಿ ಕುಟುಂಬ ಪಿಂಚಣಿಗೆ ಅರ್ಜಿ ಹಾಕಿದರು. ಅದು ಬಂದದ್ದು ನನ್ನ ಮೇಜಿಗೆ. ಮೇಲೆ ಕಳಿಸಿದೆ. ಆರೋಪಿಯು ವಿಚಾರಣೆಗೆ ಖುದ್ದು ಹಾಜರಾಗದ ಕಾರಣ ಪ್ರಕರಣ ಬಾಕಿ ಇದೆ ಎಂಬ ಷರಾ ಹೊತ್ತು ವಾಪಸು ಬಂತು. ಸತ್ತವರು ಖುದ್ದು ಹಾಜರಾಗಬೇಕಿತ್ತು. ಆ ಹೆಂಗಸು ಬುರ್ಖಾದ ಅಂಚು ಹಿಡಿದು ನನ್ನ ಮುಂದೆ ನಿಂತು, ಏನು ಬರೆದಿದ್ದಾರೆ ಓದಿ ಹೇಳಿ ಎಂದರು. ಓದಿ ಹೇಳಿದೆ. ಮನೆಯಲ್ಲಿ ಅವರು ಊದುಬತ್ತಿ ಹೊಸೆಯುತ್ತಿದ್ದರು, ಬೆರಳುಗಳು ಕಪ್ಪಾಗಿದ್ದವು.

ಸಾಕ್ಷಿ ತನ್ನ ಹೇಳಿಕೆ ಹಿಂತೆಗೆದುಕೊಂಡರೆ ಆರೋಪ ಬಿದ್ದುಹೋಗುತ್ತದೆ, ಪಿಂಚಣಿ ಬರುತ್ತದೆ ಎಂದು ಹೊಸದಾಗಿ ಬಂದ ಮುಖ್ಯಾಧಿಕಾರಿ ಹೇಳಿದರು. ಸಾಕ್ಷಿ ಯಾರೆಂದು ಅವರಿಗೆ ಗೊತ್ತಿತ್ತು. ಬರೆಯಬೇಕಾದದ್ದು ಒಂದು ಸಾಲು. ಅದನ್ನು ಬರೆಯಲು ನನಗೆ ಹನ್ನೊಂದು ತಿಂಗಳು ಹಿಡಿಯಿತು. ತಂಗಿಯ ಮದುವೆಯಾಗಲಿ ಎಂದುಕೊಂಡೆ, ಆಯಿತು. ಅಮ್ಮನ ಕಣ್ಣಿನ ಆಪರೇಷನ್ ಮುಗಿಯಲಿ ಎಂದುಕೊಂಡೆ, ಮುಗಿಯಿತು. ಕೊನೆಗೆ ಅಧ್ಯಕ್ಷರು ಚುನಾವಣೆಯಲ್ಲಿ ಸೋತ ವಾರ ಬರೆದುಕೊಟ್ಟೆ. ಮುಖ್ಯಾಧಿಕಾರಿ ಓದಿ ಕಡತಕ್ಕೆ ಸೇರಿಸಿದರು. ನನಗೆ ಒಂದು ನೋಟಿಸೂ ಬರಲಿಲ್ಲ. ನಿಜ ಹೇಳುವುದಕ್ಕೆ ಆಗ ಏನೂ ಖರ್ಚಿರಲಿಲ್ಲ.

ಪಿಂಚಣಿ ಮಂಜೂರಾಯಿತು. ಮೊದಲ ತಿಂಗಳ ಹಣ ಬಂದ ದಿನ ಸಾಹೇಬರ ಹೆಂಡತಿ ನಮ್ಮ ಮನೆಗೆ ಬಂದರು. ಸ್ಟೀಲ್ ಡಬ್ಬಿಯಲ್ಲಿ ಶಾವಿಗೆ ಪಾಯಸ ತಂದಿದ್ದರು. ಜಗಲಿಯ ಮೇಲೆ ಕೂತು ನನ್ನ ಎರಡೂ ಕೈ ಹಿಡಿದುಕೊಂಡರು.

"ಅವ್ರು ಯಾವಾಗ್ಲೂ ಹೇಳ್ತಿದ್ರು," ಎಂದರು. "ಆಫೀಸಲ್ಲಿ ನಮ್ದು ಅಂತ ಒಂದು ಹುಡುಗಿ ಐತೆ, ಏನಾದ್ರೂ ಆದ್ರೆ ಅವಳ ಹತ್ರ ಹೋಗು ಅಂತ. ನೀವಿಲ್ದಿದ್ರೆ ಯಾರು ಮಾಡ್ತಿದ್ರು ಅಮ್ಮ?"

ಅವರು ಹೆಂಡತಿಗೆ ಹೇಳಿರಲಿಲ್ಲ. ಮೂರು ವರ್ಷ ಆಕೆಯ ಎದುರೇ ಕೂತು, ಅಮಾನತಿನ ಅರ್ಧ ಸಂಬಳದಲ್ಲಿ, ಮಂಡಿಯ ಕೂಲಿಯಲ್ಲಿ ಉಂಡು, ಆ ಬೀಗದ ಕೈ ಯಾರ ಹತ್ತಿರ ಇತ್ತೆಂದು ಒಮ್ಮೆಯೂ ಬಾಯಿಬಿಟ್ಟಿರಲಿಲ್ಲ.

ಹೇಳಿಬಿಡಬೇಕೆಂದು ತಲೆಯೆತ್ತಿದೆ. ಆಕೆ ಡಬ್ಬಿಯ ಮುಚ್ಚಳ ತೆಗೆದು, ಬಿಸಿ ಇದ್ದಾಗಲೇ ತಿನ್ನಿ ಎಂದು ಚಮಚ ಕೈಗಿಟ್ಟರು. ಅವರೆದುರೇ ಕೂತು, ಒಂದು ಶಾವಿಗೆಯನ್ನೂ ಬಿಡದೆ ತಿಂದೆ.